ತೇಪೆಯಡಿಯ ಸ್ವರ

ಸತ್ತು ದಶಕಗಳೇ ಕಳೆದ ಹೆಂಗಸೊಬ್ಬಳು ಕಳೆದ ಶನಿವಾರ ಅಮೆರಿಕದ ರಾಲಿಯಲ್ಲಿ ಪಿಯಾನೋ ನುಡಿಸಿದಳು. ನಾನು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದೆ. (ಚಹಾಕ್ಕೆ ಶುಂಠಿ ಬಿಟ್ಟು ಬೇರೇನೂ ಬೆರೆಸಿರಲಿಲ್ಲ, ನಂಬಿ.)

ಮನೆ ಹೊಸಮನಿ ಅಂಕಲ್ ಅವರದು. ಧಾರವಾಡದವರು, ರಿಟೈರಾದ ಸರ್ಜನ್. ಹಳೇ ಪಿಯಾನೋ ರಿಪೇರಿ ಈಗಿನ ಹುಚ್ಚು. ಅವರ ಬಳಿ ಇರುವುದು ತಾನೇ ನುಡಿಯುವ ಪಿಯಾನೋ. ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ಸಾಕು. ಅಂದು ನುಡಿಸಿದವರ ಬೆರಳು ಎಲ್ಲಿ ಜೋರಾಗಿ ಒತ್ತಿತ್ತೋ, ಎಲ್ಲಿ ಹಗುರಾಗಿತ್ತೋ, ಹಾಗೆಯೇ ಕೀಗಳು ಏಳುತ್ತವೆ, ಇಳಿಯುತ್ತವೆ. ದೆವ್ವ ಕೂತ ಹಾಗೆ.

ಈ ಸುರುಳಿ ತಂದವರು ಪಕ್ಕದ ಮನೆಯ ಡೊರತಿ. ಎಂಬತ್ತು ದಾಟಿದೆ. ನುಡಿಸಿದ್ದು ಅವರ ತಾಯಿ. ಒಂದು ಕಾಲಕ್ಕೆ ಟಿಕೆಟ್ ಸಿಗದಷ್ಟು ಹೆಸರಂತೆ. ಗೂಗಲ್ ಮಾಡಿದೆ, ಒಂದು ಫೋಟೋ ಕೂಡ ಇಲ್ಲ. ಡೊರತಿ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಆ ಕೈ ಇನ್ನೊಮ್ಮೆ ಕೇಳಬೇಕು, ಅಷ್ಟೇ ಅವರ ಆಸೆ.

ಕೇಳಿದರು. ಒಂದೂ ತಪ್ಪಿಲ್ಲ. ನಾನು ಚಪ್ಪಾಳೆಗೆ ಕೈ ಎತ್ತಿದ್ದೆ, ಡೊರತಿ ಅಲ್ಲವೆಂದು ತಲೆಯಾಡಿಸಿದರು. "ಇದು ಅಮ್ಮ ಅಲ್ಲ. ಅವಳ ಕೈ ಚಿಕ್ಕದು. ಕೊನೆಯಲ್ಲಿ ಕಿರುಬೆರಳು ಪಕ್ಕದ ಕೀಗೂ ತಾಗೇ ತಾಗುತ್ತಿತ್ತು."

ಅಂಕಲ್ ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇಲ್ಲಿ ನೋಡ್ರಿ, ಇದೊಂದು ತೂತಿಗೆ ತ್ಯಾಪಿ ಹಚ್ಯಾರ."

ಮಾರುವ ಪ್ರತಿಗಳನ್ನು ತಯಾರಿಸುವ ಮೊದಲು ಕಂಪನಿಯವರು ತಪ್ಪು ಸ್ವರಗಳ ಮೇಲೆ ಹೀಗೆ ಕಾಗದ ಅಂಟಿಸುತ್ತಿದ್ದರಂತೆ. ಡೊರತಿಗೆ ಸಿಕ್ಕಿದ್ದು ಆ ತಿದ್ದಿದ ಮೂಲಪ್ರತಿ.

"ಕೀಳೋಕಾಗಲ್ವಾ ಅಂಕಲ್?"

"ಆಗ್ತೈತಿ. ಆದ್ರ ಕಾಗದ ಹಪ್ಪಳ ಆಗೇತಿ. ಹರೀತು ಅಂದ್ರ ಮುಗೀತು."

ಮಾರಿದ ಪ್ರತಿಗಳೂ ಈಗ ಎಲ್ಲೂ ಉಳಿದಿಲ್ಲ. ಯಾವುದು ಬೇಕು? ಭದ್ರವಾಗಿರುವ ಅಪರಿಚಿತೆಯೋ, ಹರಿದುಹೋಗಬಹುದಾದ ಅಮ್ಮನೋ?

"ತೆಗೀರಿ ಡಾಕ್ಟರ್" ಎಂದರು ಡೊರತಿ.

ಒದ್ದೆ ಹತ್ತಿ, ಚಿಮಟ. ಮೇಜೇ ಆಪರೇಷನ್ ಥಿಯೇಟರ್. ನಾನು ಚಹಾದ ಕಪ್ ದೂರ ಸರಿಸಿದೆ, ಅಂಕಲ್ ಅಂಚಿನಿಂದ ಇಷ್ಟಿಷ್ಟೇ ಎಬ್ಬಿಸಿದರು. ತೇಪೆ ಬಂತು, ಕಾಗದ ಉಳಿಯಿತು.

ಅಂಕಲ್ ಸುರುಳಿಯನ್ನು ಮತ್ತೆ ಹಾಕಿದರು. ಕೊನೆಯಲ್ಲಿ ಬೇಡದ ಸ್ವರವೊಂದು ಟಿಣ್ ಎಂದಿತು. ನನ್ನಂಥ ಸಂಗೀತ ಬಾರದವಳಿಗೂ ಗೊತ್ತಾಗುವ ಅಪಸ್ವರ. ಡೊರತಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ.

ನಾವೂ ದಿನವಿಡೀ ತೇಪೆ ಹಚ್ಚುವವರೇ ಅಲ್ಲವೇ? ಫೋಟೋಗೆ ಫಿಲ್ಟರ್, ವಿಡಿಯೋಗೆ ರೀಟೇಕ್. ವಾಯ್ಸ್ ಮೆಸೇಜಿನಲ್ಲಿ ಕೆಮ್ಮು ಬಂದರೆ ಡಿಲೀಟ್ ಮಾಡಿ ಇನ್ನೊಂದು ಕಳಿಸುತ್ತೇವೆ.

ನಾಳೆ ನಾವಿಲ್ಲದಾಗ, ನಮ್ಮವರು ಆ ಕೆಮ್ಮನ್ನು ಎಲ್ಲಿ ಹುಡುಕಬೇಕು?