ಒಂದು ಊರಿಗಾಗಿ ಕೊಟ್ಟ ತಂಗಿ

ನನ್ನ ತಂಗಿ ರತ್ನಳ ಬಾಳು ಹಾಳಾಗಲಿಕ್ಕೆ ಕಾರಣ ನಾನು. ಅವಳ ಗಂಡ, ಅವಳ ಅತ್ತೆ — ಅವರು ಹೇಗಿದ್ದರೋ ಹಾಗೇ ಇದ್ದರು. ಅವರು ಎಂಥವರು ಎಂದು ತಿಳಿದೂ ತಿಳಿದೂ ಮನೆಗೆ ಬಂದು ಬೇರೆ ಮಾತು ಹೇಳಿದವನು ನಾನು. ಯಾಕೆ ಹೇಳಿದೆ ಎಂದರೆ — ಶ್ರೀರಂಗಪಟ್ಟಣದ ಮೇಲಿನ ಆಸೆಗೆ. ಒಂದು ಊರಿನ ಮೇಲಿನ ಆಸೆಗೆ! ಬರೆದು ಓದಿಕೊಂಡರೆ ನನಗೇ ನಾಚಿಕೆಯಾಗುತ್ತದೆ. ಇದಕ್ಕಿಂತ ನಯವಾಗಿ ಹೇಳಲು ನನಗೆ ಬರುವುದಿಲ್ಲ, ಹೇಳಲೂ ಬಾರದು.

ನಾನು ಶಿಡ್ಲಘಟ್ಟದಲ್ಲಿ ಮೇಷ್ಟ್ರು. ಬೆನ್ನ ಹಿಂದೆ ನನ್ನನ್ನು 'ಪಟ್ಟಣದ ಮೇಷ್ಟ್ರು' ಎಂದು ಕರೆಯುತ್ತಾರೆ, ಯಾವ ಪಾಠ ಮಾಡಿದರೂ ಅದನ್ನು ಶ್ರೀರಂಗಪಟ್ಟಣಕ್ಕೆ ತಂದು ನಿಲ್ಲಿಸುತ್ತೇನೆ ಎಂದು. ಈ ಸಲ ಶಾಲೆಯ ವಾರ್ಷಿಕ ಸಂಚಿಕೆಗೆ ಆ ಊರಿನ ಬಗ್ಗೆ ಬರೆದುಕೊಡಿ ಎಂದು ಹುಡುಗರು ಗಂಟುಬಿದ್ದರು. "ನಿಮ್ಮಷ್ಟು ಸಲ ಅಲ್ಲಿಗೆ ಯಾರ್ ಹೋಗಿದಾರೆ ಸಾರ್?" ಎಂದರು. ನಿಜ, ಯಾರೂ ಹೋಗಿಲ್ಲ. ಆದರೆ ಬರೆಯಲು ಕೂತರೆ ಕೋಟೆಯೂ ಬರುವುದಿಲ್ಲ, ಹೊಳೆಯೂ ಬರುವುದಿಲ್ಲ, ಇದೇ ಬರುತ್ತದೆ. ಇದನ್ನು ಸಂಚಿಕೆಗೆ ಕೊಡುವ ಹಾಗಿಲ್ಲ. ಆದರೂ ಬರೆದು ಮುಗಿಸುತ್ತೇನೆ. ಹೊತ್ತು ಹೊತ್ತು ಸಾಕಾಗಿದೆ.

ನಮ್ಮದು ಮೇಲೂರು. ಹಿಪ್ಪುನೇರಳೆ, ರಾಗಿ, ಕೆರೆ ತುಂಬಿದ ವರ್ಷ ಒಂದಿಷ್ಟು ಭತ್ತ. ಹರಿಯುವ ನೀರನ್ನು ನಾನು ಹುಡುಗನಾಗಿದ್ದಾಗ ನೋಡಿದವನಲ್ಲ. ಉಪಾಧ್ಯಾಯರ ತರಬೇತಿಗೆ ಸೇರಿದ ವರ್ಷ ನಮ್ಮನ್ನೆಲ್ಲ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರು. ರೈಲು ಸೇತುವೆಯ ಮೇಲೆ ಬಂದಾಗ ಕೆಳಗೆ ಕಾವೇರಿ. ಆಮೇಲೆ ರೈಲು ಕೋಟೆಯ ಗೋಡೆಯನ್ನೇ ಸೀಳಿಕೊಂಡು ಒಳಗೆ ಹೋಯಿತು — ಒಂದು ರಾಜಧಾನಿಯ ಹೊಟ್ಟೆಯೊಳಗೆ ಟಿಕೆಟ್ ತೆಗೆದುಕೊಂಡು ಹೋದ ಹಾಗಿತ್ತು. ಹೊಳೆ ಒಂದು ಕಡೆ ಎರಡಾಗಿ ಒಡೆದು, ಊರನ್ನು ಸುತ್ತಿ, ಸಂಗಮದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಮಸೀದಿಯ ಮಿನಾರುಗಳ ತುಂಬ ಪಾರಿವಾಳದ ಗೂಡುಗಳು. ಸುಲ್ತಾನ ಬಿದ್ದ ಜಾಗದಲ್ಲಿ ಯಾರದೋ ಎಮ್ಮೆ ಮೇಯುತ್ತಿತ್ತು. ಉಳಿದವರು ಹೋಟೆಲು ಹುಡುಕಿಕೊಂಡು ಹೋದರು. ನಾನು ಮುರಿದ ಗೋಡೆಯ ಮೇಲೆ ಕೂತೇ ಇದ್ದೆ. ಹುಚ್ಚು ಹಿಡಿದದ್ದು ಅವತ್ತೇ.

ಆದರೆ ಮತ್ತೆ ಹೋಗುವುದು ಹೇಗೆ? ನಮ್ಮ ಕಡೆಯವರು ರೈಲು ಹತ್ತಬೇಕಾದರೆ ಮದುವೆ ಇರಬೇಕು, ಸಾವಿರಬೇಕು, ಇಲ್ಲ ದೇವರ ಹರಕೆ ಇರಬೇಕು. ಊರು ನೋಡಲಿಕ್ಕೆ ಯಾರೂ ಹೋಗುತ್ತಿರಲಿಲ್ಲ. ಒಂದು ಸಲ ಅಪ್ಪನ ಹತ್ತಿರ ಬಾಯಿಬಿಟ್ಟೆ.

"ಕಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕೇನೋ? ನಂದಿ ಬೆಟ್ಟದಾಗೆ ಕಲ್ಲಿಲ್ವಾ?" ಎಂದು ಅಪ್ಪ ನಕ್ಕುಬಿಟ್ಟರು. ಮನೆಯವರೆಲ್ಲ ನಕ್ಕರು. ರತ್ನ ಮಾತ್ರ ಆಮೇಲೆ ಹಿಂದಿನ ಅಂಗಳದಲ್ಲಿ ಸೊಪ್ಪು ಕತ್ತರಿಸುತ್ತಾ, "ಹೊಳೆ ಎಷ್ಟು ಅಗಲ ಐತಣ್ಣ?" ಎಂದು ಕೇಳಿದಳು. ಹದಿನಾರು ತುಂಬಿರಲಿಲ್ಲ ಅವಳಿಗೆ.

ಐವತ್ತರ ದಶಕದ ಮೊದಲ ವರ್ಷಗಳು. ಅವಳಿಗೆ ಎರಡು ಕಡೆಯಿಂದ ಗಂಡು ಬಂತು. ಒಂದು ಗೌರಿಬಿದನೂರಿನ ಆಚೆ, ನಗರಗೆರೆಯಿಂದ. ಹುಡುಗ ಬೇಸಾಯಗಾರ, ಮಳೆ ನಂಬಿದ ಖುಷ್ಕಿ ಜಮೀನು, ಮಾತು ಕಮ್ಮಿ. ಇನ್ನೊಂದು, ಮಂಡ್ಯದಲ್ಲಿದ್ದ ನಮ್ಮ ಚಿಕ್ಕಪ್ಪ ತಂದದ್ದು. ಹುಡುಗನ ಮನೆ ಶ್ರೀರಂಗಪಟ್ಟಣ, ಕೋಟೆಯ ಒಳಗೇ. ಕಾಲುವೆ ನೀರಿನ ಗದ್ದೆ. "ಮಗಳು ಅನ್ನ ಉಣ್ಣಲಿ" ಎಂಬ ಆಸೆ ಅಪ್ಪನಿಗೂ ಇತ್ತು, ಆದರೆ ದೂರ ಎಂಬ ಅಳುಕು. ಕೊನೆಗೆ ಅಪ್ಪ ನನ್ನ ಕಡೆ ತಿರುಗಿದರು. "ನೀನು ಓದಿದೋನು. ಹೋಗಿ ವಿಚಾರಿಸ್ಕೊಂಡು ಬಾ. ನೀನ್ ಹೂಂ ಅಂದ್ರೆ ಹೂಂ."

ನಮ್ಮಲ್ಲಿ ಈ ವಿಚಾರಣೆಗೆ ಒಂದು ಕ್ರಮವಿದೆ. ಗಂಡಿನ ಮನೆಯ ಹೊಸಿಲು ತುಳಿಯಬಾರದು. ಬೀದಿಯ ಅಂಗಡಿಯಲ್ಲಿ, ಕ್ಷೌರದವನ ಹತ್ತಿರ, ನೀರು ತರುವ ಕಡೆ, ಯಾರೋ ದಾರಿಹೋಕರ ಹಾಗೆ ಮಾತು ತೆಗೆದು ತಿಳಿದುಕೊಂಡು ಬರಬೇಕು. ಹೆಣ್ಣಿನ ಬಾಳಿಗೆ ಇರುವ ಭದ್ರತೆ ಅದೊಂದೇ. ಆ ಕೆಲಸಕ್ಕೆ ನನ್ನನ್ನು ಕಳಿಸಿದರು. ನಾನು ಶಿಡ್ಲಘಟ್ಟದಲ್ಲಿ ಸಣ್ಣ ರೈಲು ಹತ್ತಿ, ಬೆಂಗಳೂರಿನಲ್ಲಿ ಬದಲಾಯಿಸಿ, ಎದೆ ಹಾರುತ್ತಿರುವಂತೆಯೇ ಹೋದೆ — ತಂಗಿಗಾಗಿ ಹಾರುತ್ತಿದ್ದ ಎದೆಯಲ್ಲ ಅದು.

ಬೆಳಗ್ಗೆಯೆಲ್ಲ ಕೋಟೆ ಸುತ್ತಿದೆ. ಮಧ್ಯಾಹ್ನ ಹೊಳೆಯ ಮೆಟ್ಟಿಲಿಗೆ ಇಳಿದಾಗ ಒಬ್ಬ ಮುದುಕಿ ಬಟ್ಟೆ ಒಗೆಯುತ್ತಿದ್ದಳು. ಆಗ ನೆನಪಾಯಿತು, ಬಂದ ಕೆಲಸ. ಆ ಮನೆಯ ಹೆಸರೆತ್ತಿದೆ. ಮುದುಕಿ ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ನನ್ನ ಮುಖ ನೋಡಿದಳು.

"ಹೆಣ್ ಕೊಡೋಕಾ? ಬ್ಯಾಡ ಕಣಪ್ಪ. ಮೊದ್ಲೇ ಒಬ್ಳ ತಂದಿದ್ರು. ಮುಚ್ಚಿಟ್ಟವ್ರೆ. ಅವ್ವ ಮಗ ಇಬ್ರೂ ಸೇರ್ಕೊಂಡು ಆ ಮಗೀನ ಹೊಡ್ದು ಹೊಡ್ದು... ವರ್ಸ ತುಂಬ್ನಿಲ್ಲ, ಮನೆ ಬಿಟ್ಟು ಒಂಟೋದ್ಲು."

ಅವಳು ಇನ್ನೂ ಹೇಳುವವಳಿದ್ದಳು. ನಾನು ಎದ್ದುಬಿಟ್ಟೆ. ಪೂರ್ತಿ ಕೇಳಿದರೆ — ಕೇಳಿದರೆ ಆಮೇಲೆ ಕೇಳಲಿಲ್ಲ ಎನ್ನಲು ಆಗುವುದಿಲ್ಲವಲ್ಲ. ದೂರದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಎದುರಿಗೆ ಹೊಳೆ. ಏನು ಯೋಚಿಸಿದೆ ಎಂದು ಈಗ ಪ್ರಾಮಾಣಿಕವಾಗಿ ಹೇಳಬೇಕು. ರತ್ನ ಇಲ್ಲಿಗೆ ಬಂದರೆ ನನಗೆ ಈ ಊರಲ್ಲಿ ಒಂದು ಮನೆಯಾಗುತ್ತದೆ ಎಂದು ಯೋಚಿಸಿದೆ. ಗೌರಿ ಹಬ್ಬಕ್ಕೆ ತವರಿನ ಬಾಗಿನ ತರುವುದು ಅಣ್ಣನ ಕೆಲಸ. ದಸರೆಗೆ ಕರೆಯಲು ಬರುವುದು, ಬಾಣಂತನಕ್ಕೆ ಕರೆದೊಯ್ಯುವುದು, ಮತ್ತೆ ಬಿಡಲು ಬರುವುದು — ಬೇಡ ಎನ್ನುವವರಾರು? ಮುದುಕಿಗೆ ಆ ಮನೆಯವರ ಮೇಲೆ ಏನೋ ಹಳೆಯ ಹಗೆ ಇದ್ದೀತು ಎಂದೂ ಅಂದುಕೊಂಡೆ. ಅದನ್ನು ನಾನು ನಂಬಲಿಲ್ಲ. ನಂಬಿದ ಹಾಗೆ ಮಾಡಿದೆ, ಅಷ್ಟೆ.

ಮನೆಗೆ ಬಂದಾಗ ಅಜ್ಜಿ ತಡೆಯಲಾರದೆ ತನ್ನ ತೆಲುಗಿನಲ್ಲೇ, "ಮಂಚಿವಾಳ್ಳೇನಾ?" ಎಂದು ಕೇಳಿದಳು. ಒಳ್ಳೆಯವರೇನಾ ಎಂದು. ಬಾಗಿಲ ಹಿಂದೆ ರತ್ನಳ ಸೆರಗು ಕಾಣುತ್ತಿತ್ತು.

"ಒಳ್ಳೆ ಮನೆತನ. ಕಣ್ಮುಚ್ಚಿಕೊಂಡು ಕೊಡಬಹುದು" ಎಂದೆ.

ಅಷ್ಟೇ ಮಾತು. ಅಪ್ಪ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಬಹುಶಃ ನಾನು... ಇಲ್ಲ. ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ.

ಆಮೇಲಿನ ವರ್ಷಗಳಲ್ಲಿ ನಾನು ಶ್ರೀರಂಗಪಟ್ಟಣವನ್ನು ನೋಡಿದ ಹಾಗೆ ಅಲ್ಲಿ ಹುಟ್ಟಿದವರೂ ನೋಡಿರಲಾರರು. ಬೆಳಗ್ಗೆ ಬಾಗಿನದ ಮೊರ ತಂಗಿಯ ಕೈಗಿಟ್ಟು, ಕಾಫಿ ಕುಡಿದು ಹೊರಟುಬಿಡುತ್ತಿದ್ದೆ. ಒಂದು ಸಲ ದರಿಯಾ ದೌಲತ್ತಿನ ಗೋಡೆಯ ಚಿತ್ರಗಳು, ಒಂದು ಸಲ ಗುಂಬಜಿನ ಬಾಗಿಲಲ್ಲಿ ಕರಿಮರಕ್ಕೆ ಕೂಡಿಸಿದ ದಂತದ ಕೆಲಸ, ಒಂದು ಸಲ ಬರೀ ಕಂದಕದ ದಂಡೆ. ನೋಡಿದ್ದನ್ನೇ ಮತ್ತೆ ನೋಡಿದರೂ ಬೇಸರವಾಗುತ್ತಿರಲಿಲ್ಲ. ಇವತ್ತಿಗೂ ಆ ಊರೆಂದರೆ ನನಗೆ ಜೀವ. ಅದನ್ನು ಸುಳ್ಳೆಂದು ಹೇಳಿ ಪ್ರಾಯಶ್ಚಿತ್ತ ಮಾಡಿಕೊಳ್ಳಲಾರೆ.

ರತ್ನ ಸೊರಗುತ್ತಾ ಬಂದಳು. ಒಂದು ವರ್ಷ ಮುಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. "ಒಲೆ ಹತ್ರ ಬಿದ್ಬಿಟ್ಟೆ ಕಣಣ್ಣ" ಎಂದಳು. ನೋಡಿಕೊಂಡು ಓಡಾಡಬಾರದೇನಮ್ಮ ಎಂದು ನಾನೇ ಗದರಿದೆ! ಸಂಜೆ ನಾನು ಸುತ್ತಾಡಿ ಬಂದರೆ ತನ್ನ ಮಗಳು ಸುಶೀಲಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇವತ್ತು ಏನೇನ್ ನೋಡ್ದೆ, ಹೇಳಣ್ಣ" ಎನ್ನುತ್ತಿದ್ದಳು. ಅವಳು ನೋಡಿದ್ದು ರಂಗನಾಥನ ಗುಡಿ ಮತ್ತು ಅದಕ್ಕೆ ಹೋಗುವ ಬೀದಿ, ಅದೂ ಅತ್ತೆಯ ಜೊತೆ. ಗುಂಬಜ್ ಎಷ್ಟು ದೂರ ಎಂದೂ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳುತ್ತಿದ್ದೆ, ಅವಳು ಕಣ್ಣರಳಿಸಿ ಕೇಳುತ್ತಿದ್ದಳು. ನೆರೆಮನೆಯ ಹೆಂಗಸರ ಹತ್ತಿರ, "ನಮ್ಮಣ್ಣ ನನ್ನ ನೋಡೋಕೆ ಅಂತಲೇ ಅಷ್ಟ್ ದೂರದಿಂದ ಬರ್ತಾನೆ, ಯಾರ್ಗೈತೆ ಇಂಥ ಅಣ್ಣ" ಎಂದು ಹೇಳಿಕೊಳ್ಳುತ್ತಿದ್ದಳಂತೆ.

ಇನ್ನೊಂದು ಇದೆ. ಅದನ್ನು ಬಿಟ್ಟರೆ ಈ ಬರಹ ಮೋಸವಾಗುತ್ತದೆ. ಒಂದು ಮಧ್ಯಾಹ್ನ ಸಂಗಮಕ್ಕೆ ಹೋದವನು ಬಿಸಿಲು ತಾಳಲಾರದೆ ಬೇಗ ಹಿಂತಿರುಗಿದೆ. ಜಗಲಿ ಹತ್ತುವಾಗ ಒಳಗಿಂದ ಏಟಿನ ಸದ್ದು. ರತ್ನಳ ಕೂಗಿಲ್ಲ, ಅತ್ತೆಯ ಬೈಗುಳ ಮಾತ್ರ. ಬಾಗಿಲು ಬರೀ ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ತಳ್ಳಿದರೆ ಸಾಕಾಗಿತ್ತು. ಥೂ! ನಾನು ಜಗಲಿ ಇಳಿದು ಮತ್ತೆ ಕೋಟೆಯ ಕಡೆ ಹೋದೆ. ಜಗಳ ತೆಗೆದರೆ ಆ ಮನೆಯ ಬಾಗಿಲು ನನಗೆ ಮುಚ್ಚುತ್ತದೆ — ಆ ಊರೂ. ಸಂಜೆಯಾಗುವವರೆಗೆ ಗೋಡೆಯ ಮೇಲೆ ಕೂತಿದ್ದೆ. ಮನೆಗೆ ಬಂದಾಗ ಅವಳು ಬಿಸಿ ರೊಟ್ಟಿ ತಟ್ಟಿ ಬಡಿಸಿದಳು. ಉಂಡೆ.

ಕಳೆದ ಗೌರಿ ಹಬ್ಬಕ್ಕೆ ಹೋದಾಗ ಸುಶೀಲಳಿಗೆ ಮಳವಳ್ಳಿಯ ಕಡೆಯಿಂದ ಗಂಡು ಬಂದಿರುವ ಸುದ್ದಿ ರತ್ನ ಹೇಳಿದಳು. ಅತ್ತೆ ತೀರಿಕೊಂಡಿದ್ದಾಳೆ. ಗಂಡನಿಗೆ ಈಗ ಮೈಯಲ್ಲಿ ತ್ರಾಣವಿಲ್ಲ, ನಾಲಿಗೆ ಮಾತ್ರ ಹಾಗೇ ಇದೆ. ಅಡಿಗೆಮನೆಯಲ್ಲಿ ನನ್ನ ಮುಂದೆ ಎಲೆ ಹಾಕಿ ರತ್ನ ಹೇಳಿದಳು: "ನೀನೇ ಹೋಗಿ ವಿಚಾರಿಸ್ಕೊಂಡು ಬಾರಣ್ಣ. ನಿನ್ನ ಬಿಟ್ರೆ ನಾನು ಯಾರ್ನೂ ನಂಬಲ್ಲ."

ಅನ್ನದೊಳಗಿಟ್ಟ ಕೈ ಹಾಗೇ ನಿಂತಿತು. ಹೇಳಿಬಿಟ್ಟೆ. ಮುದುಕಿ ಹೇಳಿದ್ದು, ನಾನು ಮುಚ್ಚಿಟ್ಟದ್ದು, ಯಾಕೆ ಮುಚ್ಚಿಟ್ಟೆ ಎನ್ನುವುದು, ಜಗಲಿ ಇಳಿದು ಹೋದದ್ದು — ಎಲ್ಲ. ಕ್ಷಮಿಸು ಎಂದು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಅವಳು ಅಳಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದಳು. "ಮಳವಳ್ಳಿಗೆ ನೀನು ಬೇಡ. ನಾನೇ ಹೋಗ್ತೀನಿ. ನಾನೇ ಕೇಳ್ಕೊಂಡು ಬರ್ತೀನಿ" ಎಂದಳು. ಆ ಬೀದಿ ದಾಟಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ.

ಆಮೇಲೆ, "ಆ ಮೊದಲ್ನೇವ್ಳು ಇಲ್ಲಿಂದ ಹೆಂಗ್ ತಪ್ಪಿಸ್ಕೊಂಡು ಹೋದ್ಲಂತೆ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ. ನಾನು ಪೂರ್ತಿ ಕೇಳಲಿಲ್ಲ."

ರತ್ನ ನನ್ನ ಮುಂದಿನ ಎಲೆಯನ್ನೇ ನೋಡುತ್ತಿದ್ದಳು.

"ಅವಳಿಗೆ ಅಣ್ಣ ಇದ್ದಿರ್ಬೇಕು" ಎಂದಳು.