ಕಾರಿನ ಕುಂಯ್ ಸದ್ದು ಹುಡುಕಿಕೊಟ್ಟವರು

ಅವರ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ, ಉಳಿದ ಒಂಬತ್ತೂ ಗಿಡ್ಡ. ಆ ಒಂದು ಉಗುರನ್ನು ಅವರು ಬೇಕೆಂದೇ ಬೆಳೆಸಿದ್ದರು. ತಂತಿಯ ಮೇಲಿನ ಪ್ಲಾಸ್ಟಿಕ್ ಸುಲಿಯಲು ಅವರಿಗೆ ಬೇರೆ ಸಾಮಾನು ಬೇಕಿರಲಿಲ್ಲ. ಉಗುರು ಒತ್ತಿ, ಒಂದು ಸುತ್ತು ತಿರುಗಿಸಿ ಎಳೆದರೆ ಒಳಗಿನ ತಾಮ್ರದ ಒಂದೆಳೆಯೂ ಮುರಿಯದೆ ಹೊರಗೆ ಬರುತ್ತಿತ್ತು. ಬೆಳಿಗ್ಗೆ ಹಣೆಯ ಮೇಲೆ ಮೂರು ಗೆರೆ ವಿಭೂತಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಎರಡು ಗೆರೆ ಯಾರದೋ ಕಾರಿನ ಸೀಟಿಗೆ ಅಂಟಿರುತ್ತಿದ್ದವು. ಅವರ ಅರ್ಧ ದಿನವೆಲ್ಲ ಕಳೆಯುತ್ತಿದ್ದದ್ದು ಡ್ಯಾಶ್‌ಬೋರ್ಡಿನ ಕೆಳಗೆ, ತಲೆ ಒಳಗೆ, ಕಾಲು ರಸ್ತೆಗೆ.

ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ರಸ್ತೆಯಲ್ಲಿ ಅವರ ಅಂಗಡಿ. ಮೊದಲು ರೇಡಿಯೊ ರಿಪೇರಿ, ಆಮೇಲೆ ಟೇಪ್ ರೆಕಾರ್ಡರ್, ಕೊನೆಗೆ ಕಾರುಗಳಿಗೆ ಹಾಡಿನ ಸೆಟ್ ಕೂರಿಸುವ ಕೆಲಸ. ಕಸುಬು ಎರಡು ಸಲ ಬದಲಾದರೂ ಜನರ ಬಾಯಲ್ಲಿ ಅವರು ರೇಡಿಯೊ ಯಜಮಾನರಾಗಿಯೇ ಉಳಿದರು. ಮಾತಿನಲ್ಲಿ ಸ್ವಲ್ಪ ಖಾರ. ಒಮ್ಮೆ ಯಾರೋ ತರುಣ ಹೊಸ ಕಾರು ತಂದು, ಎದೆ ಗುದ್ದುವ ಹಾಗೆ ಸದ್ದು ಬರಬೇಕು ಎಂದ. ಕಾರಿನ ಒಳಗಿನಿಂದಲೇ ಇವರ ಉತ್ತರ ಬಂತು: "ಅದುಕ್ಕೆ ಸೆಟ್ ಯಾಕ್ಲಾ ಬೇಕು? ತುರುವೇಕೆರೆ ರಸ್ತೆ ಹೊಂಡಗಳ ಮೇಲೆ ಜೋರಾಗಿ ಓಡ್ಸು, ತಾನೇ ಗುದ್ದುತ್ತೆ." ಹುಡುಗ ನಕ್ಕ. ಆದರೂ ಕೇಳಿದ್ದನ್ನು ಅಚ್ಚುಕಟ್ಟಾಗಿ ಕೂರಿಸಿಕೊಟ್ಟರು.

ನಾನು ಅವರ ಬಳಿಗೆ ಹೋದದ್ದು ಶೋಕಿಗಲ್ಲ. ನನ್ನ ಮಗಳಿಗೆ ಆಗ ಐದು ವರ್ಷ, ಮಾತು ಬಂದಿರಲಿಲ್ಲ. ವಾರಕ್ಕೆರಡು ದಿನ ಅವಳನ್ನು ತುಮಕೂರಿಗೆ ಮಾತಿನ ತರಬೇತಿಗೆ ಕರೆದೊಯ್ಯಬೇಕಿತ್ತು. ಈ ವಯಸ್ಸು ಕಳೆದುಹೋದರೆ ಕಷ್ಟವಾಗುತ್ತದೆ, ಒಂದು ದಿನವೂ ತಪ್ಪಿಸಬೇಡಿ ಎಂದು ಅಲ್ಲಿನ ಟೀಚರ್ ಹೇಳಿದ್ದರು. ಬಸ್ಸಿನ ಗದ್ದಲ ಅವಳಿಗೆ ಆಗುತ್ತಿರಲಿಲ್ಲ, ಹತ್ತಿದ ಕ್ಷಣದಿಂದ ಇಳಿಯುವವರೆಗೆ ಕಿರುಚುತ್ತಿದ್ದಳು. ಅದಕ್ಕೇ ಒಂದು ಹಳೆಯ ಕಾರು ಕೊಂಡು, ನಮ್ಮ ತೋಟದ ದಾರಿಯಲ್ಲೇ ತೆಂಗಿನ ಮರಗಳಿಗೆ ಗುದ್ದಿಕೊಂಡು ಗುದ್ದಿಕೊಂಡು ನಾನು ಡ್ರೈವಿಂಗ್ ಕಲಿತೆ. ಕಾರಿನಲ್ಲೂ ಅವಳು ಹಾಡು ಕೇಳಿಸಿದರೆ ಮಾತ್ರ ಕೂರುತ್ತಿದ್ದಳು. ಮೊಬೈಲಿನ ಹಾಡು ರಸ್ತೆಯ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಯಜಮಾನರು ನಮ್ಮ ಕಾರಿಗೆ ಸೆಟ್ ಕೂರಿಸಿದರು. ಸೀಟಿನ ಕೆಳಗೆ ಒಂದು ಆಂಪ್ಲಿಫೈಯರ್, ಬಾಗಿಲುಗಳಿಗೆ ಎರಡು ಸ್ಪೀಕರ್. ಕೆಲಸ ಮುಗಿದಾಗ ಮೇಜಿನ ಮೇಲಿದ್ದ ಕೊಬ್ಬರಿ ಎಣ್ಣೆ ಬಾಟಲಿ ತೆಗೆದು ತಂತಿ ಬಿಗಿದ ಜಾಗಗಳಿಗೆಲ್ಲ ಒಂದೊಂದು ತೊಟ್ಟು ಬಿಟ್ಟರು. ನನಗೇನೂ ವಿಚಿತ್ರ ಅನ್ನಿಸಲಿಲ್ಲ. ನಮ್ಮ ಕಡೆ ನೆತ್ತಿಗೆ ಅದೇ ಎಣ್ಣೆ, ಬಾಗಿಲ ಕೀಲಿಗೆ ಅದೇ ಎಣ್ಣೆ, ಕುಡುಗೋಲಿಗೂ ಅದೇ ಎಣ್ಣೆ. ಎಂಟು ತಿಂಗಳು ಹಾಡು ಕೇಳಿಕೊಂಡು ನಾವು ತುಮಕೂರಿಗೆ ಓಡಾಡಿದೆವು. ಮಗಳು ಹಾಡಿನ ಕೊನೆಯ ಅಕ್ಷರಗಳನ್ನು ಹಿಡಿದು ಗುನುಗಲು ಶುರು ಮಾಡಿದ್ದಳು. ನಾನು ಅದನ್ನು ಯಾರಿಗೂ ಹೇಳದೆ, ದೃಷ್ಟಿಯಾದೀತೆಂದು ಹೆದರಿ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲ ಕೆಟ್ಟಿತು. ಕಾರು ಹೊರಟೊಡನೆ ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮುದುಡಿ ಕೂರತೊಡಗಿದಳು. ವೇಗ ಹೆಚ್ಚಿಸಿದರೆ ಕಿರುಚಾಟ. ಹಾಡು ನಿಲ್ಲಿಸಿದರೆ ಹಾಡು ಬೇಕೆಂದು ಬಾಗಿಲಿಗೆ ಹಣೆ ಚಚ್ಚಿಕೊಳ್ಳುವುದು. ಚೆನ್ನಾಗಿ ಕಿವಿಗೊಟ್ಟರೆ ನನಗೂ ಹಾಡಿನ ಹಿಂದೆ ಸೊಳ್ಳೆಯ ಹಾಗೆ ಸಣ್ಣಗೆ ಕುಂಯ್ ಎನ್ನುವುದು ಕೇಳಿಸುತ್ತಿತ್ತು. ನಮ್ಮ ಮನೆಯವರಿಗೆ ಅದೂ ಕೇಳಲಿಲ್ಲ. "ಹಠ ಕಲ್ತವ್ಳೆ, ನೀನೇ ಮುದ್ದು ಮಾಡಿ ಕೆಡ್ಸಿದೀಯ" ಎಂದರು. ಊರಿನವರಿಗೂ ಅದು ಹಠವೇ ಆಯಿತು. ಪಕ್ಕದ ಬೀದಿಯ ಇನ್ನೊಂದು ಅಂಗಡಿಯವನು, "ವಾಲ್ಯೂಮ್ ಜಾಸ್ತಿ ಇಟ್ಕೊಳ್ಳಿ ಮೇಡಂ, ಅಂಥ ಸದ್ದೆಲ್ಲ ಮುಚ್ಚೋಗುತ್ತೆ" ಎಂದ. ಇಟ್ಟೆ. ಅವಳು ಇನ್ನೂ ಜೋರಾಗಿ ಕಿರುಚಿದಳು. ಒಂದು ದಿನ ಗುಬ್ಬಿ ದಾಟಿದ ಮೇಲೆ ಕಾರು ನಿಲ್ಲಿಸಿ ಅವಳ ಕೆನ್ನೆಗೆ ಹೊಡೆದೆ. ಹೊಡೆದ ಮೇಲೆ ನಾನೇ ಅತ್ತೆ. ಅಲ್ಲಿಂದಲೇ ಕಾರು ಹಿಂದಕ್ಕೆ ತಿರುಗಿಸಿದೆ, ಆಮೇಲೆ ಮೂರು ವಾರ ತರಬೇತಿಗೆ ಹೋಗಲೇ ಇಲ್ಲ.

ಕೊನೆಗೆ ಯಜಮಾನರ ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ನನ್ನಲ್ಲಿ ತಾಳ್ಮೆ ಉಳಿದಿರಲಿಲ್ಲ. ಸೆಟ್ ಕಿತ್ತುಬಿಡಿ ಎಂದೆ. ಅವರು ಕಾರು ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ನಾಚಿಕೊಂಡವರಂತೆ ಹೇಳಿದರು.

"ನಂಗೆ ಏನೂ ಕೇಳ್ಸಲ್ಲ ಕಣಮ್ಮ. ಸಣ್ಣ ಸದ್ದೆಲ್ಲ ನನ್ನ ಕಿವಿ ಬಿಟ್ಟೋಗಿ ನಾಕೈದು ವರ್ಷ ಆಯ್ತು. ಗಿರಾಕಿಗಳಿಗೆ ಹೇಳಿಲ್ಲ ಅಷ್ಟೆ."

ಇವರಿಗೂ ಕೇಳದಿದ್ದರೆ ಇನ್ಯಾರ ಬಳಿ ಹೋಗಲಿ?

ಅವರು ಮಾತ್ರ ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದ ಮಗಳನ್ನು ನೋಡುತ್ತಿದ್ದರು. "ಮಗೀಗೆ ಕೇಳ್ತೈತೆ. ಅದುರ ಕೈ ನೋಡ್ಕಂಡು ಹುಡುಕೋಣ ಬುಡಿ. ಒಂದೊಂದೇ ಕಳೀತಾ ಹೋದ್ರೆ ಕಳ್ಳ ಸಿಕ್ಕೇ ಸಿಗ್ತಾನೆ."

ಮುಂದಿನ ಸೀಟಿನಲ್ಲಿ ಹಿಂದುಮುಂದಾಗಿ ಮೊಣಕಾಲೂರಿ ಕೂತು ಅವರು ಕೆಲಸ ಶುರು ಮಾಡಿದರು. ಮೊದಲು ಸೆಟ್ ಆರಿಸಿ ಇಂಜಿನ್ ಮಾತ್ರ ಓಡಿಸಲು ಹೇಳಿದರು. ಮಗಳ ಕೈ ಕಿವಿಯಿಂದ ಕೆಳಗಿಳಿಯಿತು. "ಇಂಜಿನ್ ಭಯ ಅಲ್ಲ." ಇಂಜಿನ್ ನಿಲ್ಲಿಸಿ ಸೆಟ್ ಮಾತ್ರ ಹಾಕಿದರು. ಕೈ ಏಳಲಿಲ್ಲ. "ಹಾಡಿನ ಮೇಲೆ ಸಿಟ್ಟಿಲ್ಲ." ಎರಡನ್ನೂ ಒಟ್ಟಿಗೆ ಹಾಕಿ ವಾಲ್ಯೂಮ್ ಸೊನ್ನೆಗೆ ಇಳಿಸಿದರು. ನಮಗೆ ಕೇಳಿಸಿದ್ದು ಇಂಜಿನ್ನಿನ ಸದ್ದು ಮಾತ್ರ. ಅವಳ ಕೈ ಥಟ್ಟನೆ ಕಿವಿಗೆ ಹೋಯಿತು. ಎಕ್ಸಲೇಟರ್ ಒತ್ತಿಸಿದರು, ಅವಳು ಮೊಣಕಾಲಿಗೆ ತಲೆ ಹುದುಗಿಸಿದಳು. ಯಜಮಾನರು ತಕ್ಷಣ ಇಂಜಿನ್ ನಿಲ್ಲಿಸಲು ಹೇಳಿ, ಅವಳು ತಲೆ ಎತ್ತುವವರೆಗೂ ಸುಮ್ಮನೆ ಕಾದರು. ಹೀಗೆ ಪ್ರತಿ ಸಲವೂ ಕಾದರು. ಅವಳಿಗೆ ಬೇಜಾರಾದಾಗ ಹೊರಗೆ ಕರೆದು ಖಾಲಿ ಸ್ಪೀಕರಿನ ಕರಿ ಕಾಗದ ಮುಟ್ಟಿಸಿದರು. ಅವಳು ಅದನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದಳು.

ಮಧ್ಯಾಹ್ನ ಊಟದ ಹೊತ್ತು ಮೀರಿತ್ತು. ಆಂಪ್ಲಿಫೈಯರಿನಿಂದ ಹಾಡಿನ ತಂತಿ ಕಿತ್ತಾಗ ಅವಳ ಕೈ ಇಳಿಯಿತು, ಮತ್ತೆ ಸಿಕ್ಕಿಸಿದಾಗ ಎದ್ದಿತು. ಆಮೇಲೆ ಒಂದು ತುಂಡು ತಂತಿಯ ಎರಡೂ ತುದಿ ಸುಲಿದು, ಒಂದನ್ನು ಸೆಟ್ಟಿನ ಮೈಗೂ ಇನ್ನೊಂದನ್ನು ಕಾರಿನ ಬರಿ ಕಬ್ಬಿಣಕ್ಕೂ ಒತ್ತಿ ಹಿಡಿದರು. ಎಕ್ಸಲೇಟರ್ ಒತ್ತಲು ಕಣ್ಣಲ್ಲೇ ಹೇಳಿದರು. ಒತ್ತಿದೆ. ಮಗಳು ಕಿಟಕಿಯಾಚೆ ಲಾರಿಗೆ ಕೊಬ್ಬರಿ ಚೀಲ ಹೇರುವವರನ್ನು ನೋಡುತ್ತ ಆರಾಮವಾಗಿ ಕೂತಿದ್ದಳು. ಮೂರು ಸಲ ತಂತಿ ತೆಗೆದು, ಮೂರು ಸಲ ಒತ್ತಿ ನೋಡಿದೆವು. ಮೂರು ಸಲವೂ ಅವಳ ಕೈ ಒಂದೇ ಉತ್ತರ ಹೇಳಿತು.

ಸೆಟ್ಟಿನ ಒಂದು ತಂತಿಯನ್ನು ಕಾರಿನ ಮೈಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ಅದೇ ಅರ್ತ್. ಅದು ಸರಿಯಾಗಿ ತಾಗದಿದ್ದರೆ ಬ್ಯಾಟರಿ ತುಂಬಿಸುವ ಡೈನಮೊದ ಸದ್ದು ಹಾಡಿನ ತಂತಿಯೊಳಗೆ ನುಗ್ಗುತ್ತದೆ, ಇಂಜಿನ್ ಜೋರಾದಷ್ಟೂ ಕುಂಯ್ ಏರುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ನುಸುಳಿ ಆ ಬೋಲ್ಟ್ ಬಿಚ್ಚಿದ ಯಜಮಾನರು ಸ್ವಲ್ಪ ಹೊತ್ತು ಹೊರಗೆ ಬರಲೇ ಇಲ್ಲ. ಬಂದಾಗ ಅವರ ಅಂಗೈಯಲ್ಲಿ ತಂತಿಯ ತುದಿ ಹಸಿರು ಹಸಿರಾಗಿ, ಜಿಡ್ಡಾಗಿ ಇತ್ತು.

"ಇದು ನಾನೇ ಮಾಡಿದ್ದು ಕಣಮ್ಮ" ಎಂದರು. "ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಬುಟ್ಟೆ. ತಾಮ್ರಕ್ಕೆ ಕಿಲುಬು ಬಂದೈತೆ. ಪೂಜೆ ಚೊಂಬಿಗೆ ಎಣ್ಣೆ ಸೋಕಿದ್ರೆ ಹಸ್ರಾಗೋದ್ನ ದಿನಾ ನೋಡ್ತೀನಿ, ಇಲ್ಲಿ ತಲೆಗೆ ಹೋಗ್ಲೇ ಇಲ್ಲ. ಮಗೀನ ನಾನು ಅಳ್ಸಿದಂಗಾಯ್ತು."

ಎರಡು ಸಮಾಧಾನದ ಮಾತು ನಾನಾಡಬಹುದಿತ್ತು. ಆದರೆ ನನ್ನ ಕಣ್ಣ ಮುಂದೆ ಗುಬ್ಬಿಯ ರಸ್ತೆ ಇತ್ತು. ಅವರ ತಪ್ಪು ಒಂದು ತೊಟ್ಟು ಎಣ್ಣೆಯದು, ನನ್ನದು ಕೆನ್ನೆಯ ಮೇಲೆ ಬಿದ್ದದ್ದು. "ನಾನು ಹೊಡೆದುಬಿಟ್ಟೆ ಯಜಮಾನ್ರೇ" ಎಂದು ಅವರ ಮುಂದೆ ಬಾಯಿಬಿಟ್ಟೆ. ಅವರು ಬೈಯಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. "ಇನ್ಮೇಲೆ ಅಳು ಬಂದ್ರೆ ಮೊದ್ಲು ಸುತ್ತ ನೋಡಿ. ಫ್ಯಾನೋ, ಟ್ಯೂಬ್‌ಲೈಟೋ, ಏನೋ ಒಂದು ಇರ್ತದೆ. ಒಂದೊಂದೇ ಆರ್ಸಿ" ಎಂದರು. ಆಮೇಲೆ ಉಪ್ಪುಕಾಗದ ಹಿಡಿದು ಕಬ್ಬಿಣ ಹೊಳೆಯುವ ತನಕ ಉಜ್ಜಿದರು, ಹೊಸ ತುದಿ ಕಟ್ಟಿ ಬೋಲ್ಟ್ ಬಿಗಿದರು.

ಅವರ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಎರಡು ತಿಂಗಳು, ತಾವು ಸೆಟ್ ಕೂರಿಸಿದ್ದ ಗಾಡಿಗಳವರಿಗೆಲ್ಲ ಫೋನ್ ಮಾಡಿ ಕರೆಸಿಕೊಂಡರು. ಚಿಕ್ಕನಾಯಕನಹಳ್ಳಿಯಿಂದ, ಕೆಂಕೆರೆಯಿಂದಲೂ ಕಾರುಗಳು ಬಂದವು. "ನಮ್ಗೇನೂ ಕೇಳ್ಸಲ್ಲ, ಬುಡಿ ಯಜಮಾನ್ರೇ" ಎಂದವರಿಗೆ, "ನಂಗೂ ಕೇಳ್ಸಲ್ಲ ಕಣಪ್ಪ, ಆದ್ರೂ ತಗಂಬಾ" ಎನ್ನುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಊರಿನಲ್ಲಿ ಹೆಸರಿದ್ದವರು, ತಮ್ಮ ಕಿವಿ ಮಂದವಾದದ್ದನ್ನೂ ಕೈ ತಪ್ಪಿದ್ದನ್ನೂ ಹೀಗೆ ಎಲ್ಲರ ಮುಂದೆ ಒಪ್ಪಿಕೊಂಡು ಓಡಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾವು ಮತ್ತೆ ತುಮಕೂರಿಗೆ ಹೊರಟೆವು. ಮನೆಯಲ್ಲಿ ಒಂದೊಂದೇ ಆರಿಸಿ ನೋಡಿದೆ. ಅಡುಗೆಮನೆಯ ಟ್ಯೂಬ್‌ಲೈಟ್ ಬದಲಿಸಿದ ದಿನದಿಂದ ಅವಳು ಅಲ್ಲೇ ಕೂತು ಊಟ ಮಾಡತೊಡಗಿದಳು. ನಮ್ಮ ಮನೆಯವರು ಹಠ ಎನ್ನುವುದನ್ನು ಬಿಟ್ಟರು. ಮಾತು ಮೊದಲು ಹಾಡಿನ ತುಣುಕಾಗಿ ಬಂತು, ಆಮೇಲೆ ಬೇಕು, ಬೇಡ, ಬಾ ಆಗಿ ಬಂತು. ಈಗ ಅವಳು ಎರಡನೇ ಕ್ಲಾಸು. ಎರಡು ಮೂರು ಪದ ಜೋಡಿಸಿ ಬೇಕಾದ್ದನ್ನು ಹೇಳುತ್ತಾಳೆ.

ಕಳೆದ ಕಾರ್ತಿಕದಲ್ಲಿ ಯಜಮಾನರು ತೀರಿಕೊಂಡರು. ಸುದ್ದಿ ತಿಳಿದು, ಮಗಳ ಕೈಗೆ ಹೂವು ಕೊಟ್ಟು ಅವಳನ್ನೂ ಕರೆದುಕೊಂಡು ಹೋದೆ. ನಡುಮನೆಯಲ್ಲಿ ಅವರನ್ನು ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಪಕ್ಕದಲ್ಲಿ ಭಜನೆಯವರು ಹಾರ್ಮೋನಿಯಂ, ತಾಳ ಹಿಡಿದು ಹಾಡುತ್ತಿದ್ದರು. ಹೊಸ್ತಿಲಲ್ಲೇ ಮಗಳು ನಿಂತುಬಿಟ್ಟಳು. "ಅಮ್ಮ, ತಾಳ ಜೋರು. ಕಿವಿ ನೋವು" ಎಂದಳು. ಬಾಗಿಲ ಬಳಿ ಕೂತಿದ್ದ ಹೆಂಗಸೊಬ್ಬರು, "ಸಾವಿನ ಮನೇಲೂ ಏನ್ ಹಠ ನೋಡಿ" ಎಂದರು. ಹಿಂದಿನ ನಾನಾಗಿದ್ದರೆ ನಾಚಿ ಅವಳ ಕೈ ಹಿಡಿದು ಎಳೆಯುತ್ತಿದ್ದೆ. "ಹಠ ಅಲ್ಲ ಕಣ್ರೀ. ಅವಳಿಗೆ ನಿಜವಾಗ್ಲೂ ನೋವಾಗುತ್ತೆ" ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಹೊರಟಿತು.

ಒಳಗೆ ಗಂಡನ ಪಕ್ಕ ಕೂತಿದ್ದ ಅವರ ಹೆಂಡತಿ ತಲೆ ಎತ್ತಿ ನಮ್ಮನ್ನು ನೋಡಿದರು. ಗಂಡ ಹೇಳುತ್ತಿದ್ದ ಮಗು ಇದೇ ಎಂದು ಅವರಿಗೆ ಗುರುತು ಸಿಕ್ಕಿರಬೇಕು. ಸೆರಗಿನಿಂದ ಕಣ್ಣೊರೆಸಿಕೊಂಡು ಭಜನೆಯವರ ಕಡೆ ತಿರುಗಿದರು.

"ತಾಳ ಒಂದ್ಗಳಿಗೆ ನಿಲ್ಸಪ್ಪ. ಮಗು ಒಳಕ್ಕೆ ಬರ್ಲಿ."

ತಾಳ ನಿಂತಿತು, ಹಾಡು ನಡೆಯಿತು. ಮಗಳು ಹೊಸ್ತಿಲು ದಾಟಿ ಒಬ್ಬಳೇ ಯಜಮಾನರ ತನಕ ನಡೆದುಹೋಗಿ ಪಾದದ ಬಳಿ ಹೂವಿಟ್ಟಳು.