ನೇಕಾರರ ಓಣಿಯ ಮೂರನೆಯ ಅಂತಸ್ತು

ಕರ್ನಾಟಕ ಒಂದಾದ ವರ್ಷ, 1956ರಲ್ಲಿ, ನಾನು ಬೆಟಗೇರಿಯ ಪೇಟೆ ಸುಧಾರಣಾ ಸಮಿತಿಯಲ್ಲಿ ಓವರ್‌ಸೀಯರ್ ಆಗಿದ್ದೆ. ಮನೆ ಕಟ್ಟುವವರ ನಕ್ಷೆ ನೋಡುವುದು, ನಿಯಮ ಮೀರಿದರೆ ಕೆಲಸ ನಿಲ್ಲಿಸುವುದು ನನ್ನ ಹೊಣೆ.

ಹಳ್ಳಿಗಳಿಂದ ಜನ ಬಂದು ತುಂಬುತ್ತಿದ್ದರು. ನೀರು ಸಾಲುತ್ತಿರಲಿಲ್ಲ. ಜಾಗವಿಲ್ಲದೆ ಮನೆಗಳು ಮೇಲಕ್ಕೆ ಬೆಳೆಯತೊಡಗಿದ್ದವು. ನೇಕಾರರ ಓಣಿಯಲ್ಲಿ ಇನ್ನೊಂದು ತೊಡಕಿತ್ತು. ಸೀರೆಯ ಉದ್ದೆಳೆಗಳನ್ನು, ಅಂದರೆ ಹಾಸನ್ನು, ಅವರು ಬೆಳಿಗ್ಗೆ ಬೀದಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಬಿಸಿಲು ತಪ್ಪಿದರೆ ಎಳೆಗಳು ಒಂದಕ್ಕೊಂದು ಅಂಟಿ ಹಾಸು ಕೆಡುತ್ತಿತ್ತು. ಅದಕ್ಕೇ ಹಾಸು ಹಾಕುವ ಬೀದಿಯಲ್ಲಿ ಯಾರೂ ನೆಲ ಅಂತಸ್ತಿನ ಮೇಲೆ ಇನ್ನೊಂದು ಕಟ್ಟಬಾರದೆಂದು ಸಮಿತಿ ಠರಾವು ಮಾಡಿತು. ಮಂಡಿಸಿದವರು ಅಧ್ಯಕ್ಷ ವಿರೂಪಾಕ್ಷಪ್ಪನವರು. ಅದೇ ಓಣಿಯಲ್ಲಿ ಹುಟ್ಟಿದವರು, ಏಕೀಕರಣದ ಚಳವಳಿಯಲ್ಲಿ ಜೈಲು ಕಂಡವರು. ನಾನು ಅವರನ್ನು ಅಣ್ಣಾರ ಎಂದೇ ಕರೆಯುತ್ತಿದ್ದೆ.

ಆಗಲೇ ನೀಲವ್ವ ಎಂಬ ನೇಕಾರ ಹೆಂಗಸಿನ ಮನೆಯ ಮೇಲೆ ಗೋಡೆ ಸೊಂಟದೆತ್ತರ ಎದ್ದಿತ್ತು. ಇಳಿಸಲು ಹೇಳಿದೆ.

“ಮಗನ ಲಗ್ನ ಆಗೈತ್ರಿ ಸಾಹೇಬ್ರ. ಹೊಸಾ ಗಂಡ-ಹೆಂಡ್ತಿನ ಮಗ್ಗದ ಕುಣ್ಯಾಗ ಮಲಗಸ್ಲೇನು?”

ಓಣಿ ನಕ್ಕಿತು.

“ನಿಮ್ಮ ಖೋಲಿ ಎದ್ರ ನಾಳೆ ಎದುರಿನವರದೂ ಏಳತೈತಿ. ನಿಯಮ ಎಲ್ಲಾರಿಗೂ ಒಂದ, ಅವ್ವಾರ.”

“ಖರೇನ?”

“ಖರೆ.”

ಆಕೆಯೇ ಮೊದಲ ಇಟ್ಟಿಗೆ ಕಿತ್ತಳು. ಅಥವಾ ಮಗ ಕಿತ್ತಿರಬಹುದು. ನನ್ನ ನೆನಪು ಅದನ್ನು ಆಕೆಯ ಕೈಗೇ ಕೊಡುತ್ತದೆ. ಗೋಡೆ ಇಳಿದದ್ದು ಮಾತ್ರ ನಿಜ.

ಸ್ವಲ್ಪ ದಿನಗಳಲ್ಲಿ ಓಣಿಯ ಮೂಡಣ ತುದಿಯಲ್ಲಿ ಮೂರಂತಸ್ತಿನ ಕಟ್ಟಡಕ್ಕೆ ಅರ್ಜಿ ಬಂತು. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಖೋಲಿಗಳು. ಅರ್ಜಿದಾರರು ಅಧ್ಯಕ್ಷರ ಬೀಗರು. ಆಗದೆಂದು ಬರೆದೆ. “ಸದಸ್ಯರು ಜಾಗಾ ನೋಡ್ಲಿ, ಆಮ್ಯಾಲ ಹೇಳೋಣು” ಎಂದ ಅಧ್ಯಕ್ಷರು, ಗಟಾರಕ್ಕೆ ಕಲ್ಲು ಆರಿಸಲು ನನ್ನನ್ನು ಮುಂಡರಗಿಗೆ ಕಳಿಸಿದರು.

ತಿರುಗಿ ಬಂದಾಗ ಪರವಾನಗಿ ಸಿಕ್ಕಿತ್ತು. ಸದಸ್ಯರಲ್ಲೊಬ್ಬರಾದ ಗದಗಿನ ಕಿರಾಣಿ ವ್ಯಾಪಾರಿಯನ್ನು ಕೇಳಿದೆ.

“ಓಣ್ಯಾಗ ಒಂದ ಎಳಿ ಸೈತ ಇರಲಿಲ್ರಿ. ಬರೇ ನಾಯಿ ಮಲಗಿದ್ವು. ಯಾ ಹಾಸು? ಇದು ಹಾಸು ಹಾಕೋ ಬೀದಿ ಅಲ್ಲಂತ ಬರದ ಕೊಟ್ವಿ.”

“ಯಾವತ್ತ ಹೋಗಿದ್ರಿ?”

“ಅಮಾಸಿ ದಿನ. ಆ ದಿನಾ ಅಧ್ಯಕ್ಷರ ಗೊತ್ತ ಮಾಡಿದ್ರು.”

ಆ ಓಣಿಯಲ್ಲಿ ಅಮಾವಾಸ್ಯೆಯಂದು ಯಾರೂ ನೂಲು ಮುಟ್ಟುವುದಿಲ್ಲ. ಹೊರಗಿನ ವ್ಯಾಪಾರಿಗಳಾದ ಸದಸ್ಯರಿಗೆ ಅದು ತಿಳಿಯದು. ಅವರು ಕಂಡದ್ದನ್ನೇ ಹೇಳಿದ್ದರು. ತಿಳಿದಿದ್ದವರು ಒಬ್ಬರೇ.

“ಅಣ್ಣಾರ, ನಿಮಗ ಗೊತ್ತಿರಲಿಲ್ಲೇನು?” ಎಂದೆ.

ಅವರು ಟೋಪಿ ಸರಿಮಾಡಿಕೊಂಡರು. “ರಾಜ್ಯ ಒಂದಾತು. ಊರು ಮ್ಯಾಲ ಏಳಬ್ಯಾಡೇನು? ಇನ್ನೂ ಎಷ್ಟ ದಿನ ಬೀದ್ಯಾಗ ನೂಲು ಒಣಗಸ್ತಾರ?”

ನನ್ನ ಆಕ್ಷೇಪಣೆಯನ್ನು ಸಮಿತಿ ಚರ್ಚೆಗೂ ತೆಗೆದುಕೊಳ್ಳಲಿಲ್ಲ. ಕಟ್ಟಡ ಎದ್ದಿತು. ಬೆಳಗಿನ ನೆರಳು ಓಣಿಯನ್ನು ನುಂಗಿತು. ನೇಕಾರರು ಹಸಿ ಹಾಸು ಹೊತ್ತು ಮಲ್ಲಸಮುದ್ರದ ದಾರಿಯ ಬಯಲಿಗೆ ಹೋಗತೊಡಗಿದರು. ಅಲ್ಲಿ ಚಕ್ಕಡಿ ಗಾಡಿಗಳು ಎಬ್ಬಿಸಿದ ಧೂಳು ಗಂಜಿಗೆ ಮೆತ್ತುತ್ತಿತ್ತು.

ನನಗೇನೂ ಗೊತ್ತಿರಲಿಲ್ಲವೆಂದು ಹೇಳಲು ಅಲ್ಲಿಗೆ ಹೋದೆ. ನೀಲವ್ವ ಎಳೆಗಳ ಮೇಲೆ ಕುಂಚ ಎಳೆಯುತ್ತಿದ್ದಳು, ತಲೆ ಎತ್ತಲಿಲ್ಲ.

“ವಿರೂಪ್ಯಾ ನಮ್ಮ ಓಣ್ಯಾಗ ಬೆಳದಾಂವ, ಅವನ ಬುದ್ಧಿ ನಮಗ ಮೊದಲ ಗೊತ್ತಿತ್ತು. ಅವನ್ನ ನಂಬಿ ನಾ ಗ್ವಾಡಿ ಕೆಡವಲಿಲ್ರಿ, ಸಾಹೇಬ್ರ. ನಿಮ್ಮನ್ನ ನಂಬಿ ಕೆಡವಿದೆ.”

ಆಮೇಲೆ ನಿವೃತ್ತನಾಗುವವರೆಗೂ ಅದೇ ಕೆಲಸ ಮಾಡಿದೆ. ನಿಯಮ ಎಲ್ಲರಿಗೂ ಒಂದೇ ಎಂದು ಯಾರ ಹೊಸ್ತಿಲಲ್ಲೂ ಮತ್ತೆ ಹೇಳಲಿಲ್ಲ. ನಿಯಮ ಓದಿ ಹೇಳುತ್ತಿದ್ದೆ; ಅದನ್ನು ಮಾಡಿದವರು ಯಾರು, ಸಡಿಲಿಸಬಲ್ಲವರು ಯಾರು ಎಂಬುದನ್ನೂ ಹೇಳುತ್ತಿದ್ದೆ. ಕೇಳಿದ ಮೇಲೆ ಕೆಲವರು ಗೋಡೆ ಇಳಿಸಿದರು. ಹೆಚ್ಚಿನವರು ಇಳಿಸಲಿಲ್ಲ.